ಆರೈಕೆಯ ಗಂಟೆಗೆ ಬೆಲೆ ಕಟ್ಟುವ ಬಗೆ

ಕಾಸರಗೋಡಿನ ಮಂಜೇಶ್ವರ, ಕುಂಬಳೆ, ಬದಿಯಡ್ಕದ ಕಡೆಯಿಂದ ಓದಲೆಂದು ಆಸ್ಟ್ರೇಲಿಯಾಕ್ಕೆ ಹೋದ ಮಕ್ಕಳು ಅಲ್ಲಿ ಹಿಡಿಯುವ ಕೆಲಸಗಳಲ್ಲಿ ವಿಕಲಚೇತನರ ನೆರವಿನ ಕೆಲಸವೂ ಒಂದು. ಸ್ನಾನ ಮಾಡಿಸುವುದು, ಗಾಲಿಕುರ್ಚಿಗೆ ಎತ್ತಿ ಕೂರಿಸುವುದು, ಊಟ ಮಾಡಿಸುವುದು, ಅಂಗಡಿಗೋ ಈಜುಕೊಳಕ್ಕೋ ಜೊತೆಗೆ ಹೋಗುವುದು ಇವೆಲ್ಲ ಅದರಲ್ಲಿ ಸೇರುತ್ತವೆ. ಊರಿನಲ್ಲಿರುವವರ ಕಿವಿಗೆ ಬೀಳುವುದು ಮಾತ್ರ ಒಂದೇ ಅಂಕಿ: ಗಂಟೆಗೆ ಎಪ್ಪತ್ತು ಡಾಲರ್ ಅಂತೆ! ಅದೇ ಊರಿನಲ್ಲಿ ಹಾಸಿಗೆ ಹಿಡಿದವರನ್ನು ನೋಡಿಕೊಳ್ಳಲು ಬರುವ ಹೋಮ್ ನರ್ಸ್‌ಗೆ ಸಂಬಳ ಹೇಳುವುದು ದಿನದ ಲೆಕ್ಕದಲ್ಲಿ, ಇಲ್ಲವೇ ತಿಂಗಳ ಲೆಕ್ಕದಲ್ಲಿ. ಈ ಎರಡು ಅಂಕಿಗಳನ್ನು ವಿನಿಮಯ ದರದಿಂದ ಗುಣಿಸಿ ಹೋಲಿಸುವುದು ಸುಲಭ. ಆದರೆ ಅದರಿಂದ ಏನೂ ತಿಳಿಯುವುದಿಲ್ಲ. ಅಲ್ಲಿನ ದರಪಟ್ಟಿ ಹಗಲು, ಇರುಳು, ಭಾನುವಾರ, ಎರಡು ಪಾಳಿಗಳ ನಡುವಿನ ಬಿಡುವು ಎಂದು ಸಮಯವನ್ನು ಬಗೆಬಗೆಯಾಗಿ ವಿಂಗಡಿಸಿ ಪ್ರತಿಯೊಂದಕ್ಕೂ ಬೇರೆ ಬೆಲೆ ಹಾಕುತ್ತದೆ. ನಮ್ಮಲ್ಲಿ ಅವೆಲ್ಲವೂ ಒಂದೇ ಮೊತ್ತದೊಳಗೆ ಕರಗಿಹೋಗಿರುತ್ತವೆ, ಹಾಗೆ ಕರಗುವಾಗ ಬಹುಮಟ್ಟಿಗೆ ಇರುಳಿನ ಕೂಲಿ ಬಿಟ್ಟಿಯಾಗುತ್ತದೆ.

ಮೊದಲು ಆ ಎಪ್ಪತ್ತು ಡಾಲರಿನ ಮಾತು. ಆಸ್ಟ್ರೇಲಿಯಾದಲ್ಲಿ 2013ರ ಕಾಯ್ದೆಯ ಮೂಲಕ ಬಂದ ರಾಷ್ಟ್ರೀಯ ಅಂಗವೈಕಲ್ಯ ವಿಮಾ ಯೋಜನೆ ಇದೆ. ಜನ ಅದನ್ನು ಎನ್‌ಡಿಐಎಸ್ ಎನ್ನುತ್ತಾರೆ. ಯೋಜನೆಗೆ ಅರ್ಹರಾದ ವಿಕಲಚೇತನರ ಹೆಸರಿನಲ್ಲಿ ವರ್ಷಕ್ಕೆ ಇಂತಿಷ್ಟು ನೆರವು ಎಂದು ಹಣ ನಿಗದಿಯಾಗುತ್ತದೆ, ಆ ಹಣದಿಂದ ಅವರು ತಮಗೆ ಬೇಕಾದ ಸಂಸ್ಥೆಯ ಸೇವೆಯನ್ನು ಕೊಳ್ಳುತ್ತಾರೆ. ಸಂಸ್ಥೆಗಳು ಮನಸ್ಸಿಗೆ ಬಂದಂತೆ ಬಿಲ್ ಹಾಕಬಾರದೆಂದು ಪ್ರತಿ ವರ್ಷ ಜುಲೈಯಿಂದ ಜಾರಿಗೆ ಬರುವಂತೆ ಗರಿಷ್ಠ ದರಗಳ ಪಟ್ಟಿಯನ್ನು ಪ್ರಕಟಿಸಲಾಗುತ್ತದೆ. ವಾರದ ದಿನಗಳಲ್ಲಿ ಹಗಲು ಹೊತ್ತು ಕೊಡುವ ಸಾಮಾನ್ಯ ನೆರವಿಗೆ ಈ ಮಿತಿ 2024ರ ಜುಲೈಯಿಂದ ಗಂಟೆಗೆ 67.56 ಡಾಲರ್ ಇತ್ತು, 2025ರ ಜುಲೈಯಿಂದ 70.23 ಡಾಲರ್ ಆಯಿತು. ಊರಿಗೆ ತಲುಪಿದ ಅಂಕಿ ಇದೇ. ಇದು ಸಂಸ್ಥೆಯು ಯೋಜನೆಯಿಂದ ಪಡೆಯಬಹುದಾದ ಹೆಚ್ಚೆಂದರೆ ಹೆಚ್ಚು ಬೆಲೆಯಾಗಿದ್ದು, ಕೆಲಸ ಮಾಡಿದವರ ಸಂಬಳ ಇದರೊಳಗಿನ ಒಂದು ಭಾಗ ಮಾತ್ರ.

ಉಳಿದದ್ದು ಎಲ್ಲಿಗೆ ಹೋಗುತ್ತದೆ ಎಂಬುದನ್ನು ಒಂದು ಕಲ್ಪಿತ ಲೆಕ್ಕದಿಂದ ನೋಡಬಹುದು. ಗಂಟೆಗೆ 30 ಡಾಲರ್ ಮೂಲ ವೇತನವುಳ್ಳ ಒಬ್ಬ ಕಾಯಂ ನೌಕರರಿದ್ದಾರೆ ಎಂದುಕೊಳ್ಳೋಣ. ಇದು ಲೆಕ್ಕದ ಅನುಕೂಲಕ್ಕಾಗಿ ಹಿಡಿದ ಸುಲಭದ ಅಂಕಿಯೇ ಹೊರತು ನಿಜವಾದ ದರವಲ್ಲ. ಆ ನೌಕರರಿಗೆ ವರ್ಷದಲ್ಲಿ ನಾಲ್ಕು ವಾರ ಸಂಬಳಸಹಿತ ರಜೆ, ಅದರ ಮೇಲೆ ಕಾಯಿಲೆ ಕಸಾಲೆಗೆಂದು ಹತ್ತು ಕೆಲಸದ ದಿನಗಳ, ಅಂದರೆ ಎರಡು ವಾರಗಳ ರಜೆ ಇದೆ. ಹೀಗಾಗಿ ಸಂಸ್ಥೆ 52 ವಾರಗಳ ಸಂಬಳ ಕೊಟ್ಟು 46 ವಾರಗಳ ಕೆಲಸ ಪಡೆಯುತ್ತದೆ, ಮಾಡಿದ ಕೆಲಸದ ಗಂಟೆಯೊಂದಕ್ಕೆ ಬೀಳುವ ವೆಚ್ಚ 33.91 ಡಾಲರ್ ಆಗುತ್ತದೆ. ನಿವೃತ್ತಿ ನಿಧಿಗೆ ಮಾಲಕರು ಸಂಬಳದ ಮೇಲೆ ಕಟ್ಟಬೇಕಾದ ಪಾಲು 2025ರ ಜುಲೈಯಿಂದ ಶೇಕಡಾ 12. ಅದನ್ನು ಕೂಡಿಸಿದರೆ ಸುಮಾರು 38 ಡಾಲರ್. ಸಾರ್ವಜನಿಕ ರಜಾದಿನಗಳು, ಅಪಘಾತ ವಿಮೆ, ಬಿಲ್ ಹಾಕಲಾಗದ ತರಬೇತಿಯ ಗಂಟೆಗಳು, ಯಾರು ಯಾವ ಮನೆಗೆ ಎಂದು ಪಾಳಿ ಹಂಚುವವರ ಸಂಬಳ, ಕಚೇರಿ ಬಾಡಿಗೆ, ಲೆಕ್ಕಪತ್ರ ಇವು ಇನ್ನೂ ಬಾಕಿ ಇವೆ. ಬಿಲ್ಲಿಗೂ ಸಂಬಳಕ್ಕೂ ನಡುವೆ ಇಷ್ಟು ಅಂತರವಿರುವುದನ್ನು ಕಂಡು ಸಂಸ್ಥೆ ಅಷ್ಟನ್ನೂ ನುಂಗುತ್ತಿದೆ ಎನ್ನುವುದು ಅವಸರದ ತೀರ್ಮಾನ. ಅಂತರದಲ್ಲಿ ಒಂದು ಪಾಲು ಸಂಬಳದ್ದೇ ಇನ್ನೊಂದು ರೂಪ.

ಸಂಬಳದ ಕನಿಷ್ಠ ಮಟ್ಟವನ್ನು ಗೊತ್ತುಮಾಡುವುದು ಫೇರ್ ವರ್ಕ್ ಕಮಿಷನ್ ಎಂಬ ಸ್ವತಂತ್ರ ಮಂಡಳಿ. ಒಂದೊಂದು ಉದ್ಯಮಕ್ಕೂ ಅದು ಹೊರಡಿಸುವ ವೇತನ ನಿಯಮಾವಳಿಗೆ ಅವಾರ್ಡ್ ಎನ್ನುತ್ತಾರೆ. ಸಾಮಾಜಿಕ, ಸಮುದಾಯ, ಮನೆ ಆರೈಕೆ ಮತ್ತು ಅಂಗವೈಕಲ್ಯ ಸೇವೆಗಳ ಅವಾರ್ಡ್ 2010ರದ್ದು, ಸ್ಕ್ಯಾಡ್ಸ್ ಎಂಬುದು ಅದರ ಬಳಕೆಯ ಹೆಸರು. ಅದರಲ್ಲಿ ನೌಕರರು ಯಾವ ವಿಭಾಗಕ್ಕೆ, ಯಾವ ಹಂತಕ್ಕೆ, ಹಂತದೊಳಗಿನ ಯಾವ ಮೆಟ್ಟಿಲಿಗೆ ಸೇರುತ್ತಾರೆ ಎಂಬುದರ ಮೇಲೆ ಮೂಲ ವೇತನ ನಿಂತಿದೆ. ಇಲ್ಲಿ ಎಚ್ಚರ ಬೇಕಾದ ಸಂಗತಿಯೊಂದಿದೆ. ಹೊರನೋಟಕ್ಕೆ ಒಂದೇ ತೆರನಾದ ಕೆಲಸವನ್ನು 'ಸಮುದಾಯ ಸೇವೆ' ವಿಭಾಗದಲ್ಲಿಯೂ ಸೇರಿಸಬಹುದು, 'ಮನೆ ಆರೈಕೆ' ವಿಭಾಗದಲ್ಲಿಯೂ ಸೇರಿಸಬಹುದು. ಎರಡರ ದರ ಒಂದೇ ಅಲ್ಲ. ಹೆಂಗಸರೇ ಹೆಚ್ಚಾಗಿ ಮಾಡುವ ಕೆಲಸವೆಂಬ ಕಾರಣಕ್ಕೆ ಸಮುದಾಯ ಸೇವೆಯ ವೇತನ ಕಡಿಮೆ ಉಳಿದಿದೆ ಎಂದು ಒಪ್ಪಿಕೊಂಡು 2012ರಲ್ಲಿ ಸಮಾನ ವೇತನದ ಆದೇಶ ಹೊರಬಿತ್ತು, ಅದರಂತೆ 2020ರ ಡಿಸೆಂಬರ್ ತನಕ ಹಂತಹಂತವಾಗಿ ಶೇಕಡಾ 23ರಿಂದ 45ರಷ್ಟು ಏರಿಕೆ ಆಯಿತು. ಮನೆ ಆರೈಕೆಯ ವಿಭಾಗ ಆ ಆದೇಶದ ಹೊರಗುಳಿಯಿತು. ಆದ್ದರಿಂದ ಕೆಲಸಕ್ಕೆ ಸೇರುವವರು ನೇಮಕಪತ್ರದಲ್ಲಿ ಮೊದಲು ನೋಡಬೇಕಾದದ್ದು ವಿಭಾಗ ಮತ್ತು ಹಂತದ ಸಾಲನ್ನು. ಡಾಲರಿನ ಅಂಕಿಯನ್ನು ಆಮೇಲೆ ನೋಡಿದರೂ ಆದೀತು.

ಇನ್ನು ಸಮಯದ ವಿಂಗಡಣೆ. ಅದೇ 30 ಡಾಲರ್ ಹಿಡಿದು ಮುಂದುವರಿಯೋಣ. ಸೋಮವಾರದಿಂದ ಶುಕ್ರವಾರದವರೆಗೆ ಹಗಲಿನಲ್ಲಿ ಗಂಟೆಗೆ 30. ರಾತ್ರಿ ಎಂಟರ ಬಳಿಕ, ನಡುರಾತ್ರಿಯೊಳಗೆ ಮುಗಿಯುವ ಪಾಳಿಗೆ ಶೇಕಡಾ 12.5 ಹೆಚ್ಚು, ಅಂದರೆ 33.75. ನಡುರಾತ್ರಿ ದಾಟುವ, ಇಲ್ಲವೇ ಬೆಳಗ್ಗೆ ಆರಕ್ಕೆ ಮೊದಲೇ ಶುರುವಾಗುವ ಪಾಳಿಗೆ ಶೇಕಡಾ 15 ಹೆಚ್ಚು, ಅಂದರೆ 34.50. ಶನಿವಾರ ಒಂದೂವರೆ ಪಟ್ಟು, 45. ಭಾನುವಾರ ಇಮ್ಮಡಿ, 60. ಸಾರ್ವಜನಿಕ ರಜಾದಿನದಂದು ಎರಡೂವರೆ ಪಟ್ಟು, 75. ಹೀಗೆ ಕ್ರಿಸ್‌ಮಸ್ ದಿನ ಎಂಟು ಗಂಟೆ ಕೆಲಸ ಮಾಡಿದವರಿಗೆ 600 ಡಾಲರ್ ಬಂದರೆ, ಅದಕ್ಕೆ ಹಿಂದಿನ ಮಂಗಳವಾರ ಅದೇ ಮನೆಯಲ್ಲಿ ಅದೇ ಎಂಟು ಗಂಟೆಗೆ 240 ಬಂದಿರುತ್ತದೆ. ಒಳ್ಳೆಯ ವಾರದ ಸಂಬಳವನ್ನು ಊರಿಗೆ ಹೇಳುವವರು ಸಾಮಾನ್ಯವಾಗಿ ಮಂಗಳವಾರದ ಮಾತನ್ನು ಬಿಟ್ಟಿರುತ್ತಾರೆ.

ವಿದ್ಯಾರ್ಥಿಗಳು ಹೆಚ್ಚಾಗಿ ಸೇರುವುದು ಕ್ಯಾಶುವಲ್ ನೌಕರರಾಗಿ. ಅವರಿಗೆ ಸಂಬಳಸಹಿತ ರಜೆಯಿಲ್ಲ, ನಾಳೆ ಕೆಲಸ ಇದ್ದೇ ಇದೆ ಎಂಬ ಭರವಸೆಯಿಲ್ಲ. ಇವೆರಡಕ್ಕೆ ಬದಲಾಗಿ ಮೂಲ ವೇತನದ ಶೇಕಡಾ 25ರಷ್ಟು ಹೆಚ್ಚು ಸಿಗುತ್ತದೆ. ವಾರದ ದಿನ 37.50, ಶನಿವಾರ 52.50, ಭಾನುವಾರ 67.50, ಸಾರ್ವಜನಿಕ ರಜೆಯಂದು 82.50. ಕಾಯಂ ನೌಕರರಿಗಿಂತ ಕ್ಯಾಶುವಲ್ ನೌಕರರ ಗಂಟೆಯ ದರ ದೊಡ್ಡದಾಗಿ ಕಾಣುವುದು ಈ ಕಾರಣಕ್ಕೆ; ಜ್ವರ ಬಂದು ಮಲಗಿದ ವಾರ ಆ ದೊಡ್ಡ ದರ ಸೊನ್ನೆಗೆ ಇಳಿಯುತ್ತದೆ. ಜೊತೆಗೆ ವಿದ್ಯಾರ್ಥಿ ವೀಸಾದವರು ತರಗತಿಗಳು ನಡೆಯುವ ಅವಧಿಯಲ್ಲಿ ಹದಿನಾಲ್ಕು ದಿನಕ್ಕೆ 48 ಗಂಟೆಗಿಂತ ಹೆಚ್ಚು ದುಡಿಯುವಂತಿಲ್ಲ ಎಂಬ ಮಿತಿ 2023ರ ಜುಲೈಯಿಂದ ಜಾರಿಯಲ್ಲಿದೆ, ಆದ್ದರಿಂದ ಗಂಟೆಯ ದರವನ್ನು ದಿನಕ್ಕೆ ಹತ್ತು ಗಂಟೆಯಂತೆ ಗುಣಿಸಿ ಸಾಲದ ಕಂತು ಲೆಕ್ಕ ಹಾಕಿದವರ ಎಣಿಕೆ ತಪ್ಪುತ್ತದೆ.

ಹೊರಗಿನವರಿಗೆ ಕಾಣದಿರುವುದು ಬಿಡುವಿನ ಸಮಯ. ಬೆಳಗ್ಗೆ ಏಳರಿಂದ ಒಂಬತ್ತರವರೆಗೆ ಒಬ್ಬರನ್ನು ಎಬ್ಬಿಸಿ ಸ್ನಾನ ಮಾಡಿಸಿ ತಿಂಡಿ ಕೊಡುವ ಕೆಲಸ, ಮತ್ತೆ ಸಂಜೆ ಐದರಿಂದ ಏಳರವರೆಗೆ ಇನ್ನೊಂದು ಮನೆ. ದಿನವೆಲ್ಲ ಕಟ್ಟುಬಿದ್ದರೂ ಸಂಬಳ ನಾಲ್ಕು ಗಂಟೆಗೆ ಮಾತ್ರ. ಇದನ್ನು ಬ್ರೋಕನ್ ಶಿಫ್ಟ್, ಅಂದರೆ ಮುರಿದ ಪಾಳಿ ಎನ್ನುತ್ತಾರೆ. 2022ರ ಜುಲೈಯಿಂದ ಇದಕ್ಕೆ ಪ್ರತ್ಯೇಕ ಭತ್ಯೆ ಬಂದಿದೆ: ನಡುವೆ ಒಂದು ಬಿಡುವಿದ್ದರೆ ವಾರದ ಪ್ರಮಾಣಿತ ವೇತನದ (ಭತ್ಯೆಗಳ ಲೆಕ್ಕಕ್ಕೆಂದು ಅವಾರ್ಡ್ ಹಿಡಿಯುವ ಒಂದು ದರ) ಶೇಕಡಾ 1.7, ಎರಡು ಬಿಡುವಿದ್ದರೆ ಶೇಕಡಾ 2.25. ಮನೆ ಆರೈಕೆ ವಿಭಾಗದಲ್ಲಿ ಕರೆದ ಮೇಲೆ ಕಡಿಮೆಯೆಂದರೆ ಎರಡು ಗಂಟೆಯ ಸಂಬಳ ಕೊಡಲೇಬೇಕೆಂಬ ನಿಯಮವೂ ಆಗಲೇ ಬಂತು. ಅದಕ್ಕೆ ಮೊದಲು ಆ ವಿಭಾಗದ ಕ್ಯಾಶುವಲ್ ನೌಕರರನ್ನು ಒಂದೇ ಗಂಟೆಗೆ ಕರೆಸಿ ಕಳಿಸಬಹುದಿತ್ತು.

ಇರುಳಿನ ಸಂಗತಿಯನ್ನು ಸ್ವಲ್ಪ ಬಿಡಿಸಿಯೇ ಹೇಳಬೇಕು. ವಿಕಲಚೇತನರ ಮನೆಯಲ್ಲಿ ರಾತ್ರಿ ಉಳಿಯುವುದರಲ್ಲಿ ಎರಡು ಬಗೆ ಇದೆ. ಒಂದು, ಎಚ್ಚರವಿದ್ದು ಮಾಡುವ ಕೆಲಸ; ಅದಕ್ಕೆ ಪ್ರತಿ ಗಂಟೆಗೂ ರಾತ್ರಿಪಾಳಿಯ ದರ. ಇನ್ನೊಂದು, ಕರೆದರೆ ಏಳುವಂತೆ ಅಲ್ಲಿಯೇ ನಿದ್ದೆ ಮಾಡುವುದು, ಅದು ಸ್ಲೀಪ್‌ಓವರ್. ಇದಕ್ಕೆ ಗಂಟೆಯ ಲೆಕ್ಕವಿಲ್ಲ, ಎಂಟು ಗಂಟೆಯ ಒಂದು ರಾತ್ರಿಗೆ ವಾರದ ಪ್ರಮಾಣಿತ ವೇತನದ ಶೇಕಡಾ 4.9ರಷ್ಟು ಭತ್ಯೆ. ಅಲ್ಲಿನ ಕೆಲಸದ ವಾರ 38 ಗಂಟೆಯದು. ಅದರ ಶೇಕಡಾ 4.9 ಎಂದರೆ ಇಡೀ ರಾತ್ರಿಗೆ ಎರಡು ಗಂಟೆಯ ವೇತನವೂ ಆಗುವುದಿಲ್ಲ. ನಡುವೆ ಎಬ್ಬಿಸಿದರೆ ಆ ಕೆಲಸಕ್ಕೆ ಅಧಿಕ ಅವಧಿಯ ದರದಲ್ಲಿ, ಕಡಿಮೆಯೆಂದರೆ ಒಂದು ಗಂಟೆಗೆ, ಪ್ರತ್ಯೇಕ ಸಂಬಳವಿದೆ. ಹಾಗಾಗಿ ಒಂದು ರಾತ್ರಿ ಸ್ಲೀಪ್‌ಓವರೋ ಎಚ್ಚರದ ಪಾಳಿಯೋ ಎಂಬ ಒಂದೇ ತೀರ್ಮಾನ ಸಂಬಳವನ್ನು ಹಲವು ಪಟ್ಟು ಬದಲಿಸುತ್ತದೆ. ಆಸ್ಟ್ರೇಲಿಯಾದ ದರಪಟ್ಟಿಯನ್ನು ಮೆಚ್ಚುವವರು ಈ ಸಾಲನ್ನು ಓದಿರುವುದಿಲ್ಲ. ನನ್ನ ಮಟ್ಟಿಗೆ ಇದು ಆ ಪಟ್ಟಿಯ ಅತ್ಯಂತ ಜಿಪುಣ ಸಾಲು.

ಸಂಸ್ಥೆಯ ಹಂಗಿಲ್ಲದೆ ಸ್ವಂತ ವ್ಯವಹಾರದ ನೋಂದಣಿ ಸಂಖ್ಯೆ ಪಡೆದು ನೇರವಾಗಿ ದುಡಿಯುವವರೂ ಇದ್ದಾರೆ. ಅವರು ಮಿತಿಯವರೆಗೆ ಪೂರ್ತಿ ದರವನ್ನು ಕೇಳಬಹುದು, ಆದರೆ ನಿವೃತ್ತಿ ನಿಧಿ, ವಿಮೆ, ರಜೆ, ತೆರಿಗೆ ಎಲ್ಲವನ್ನೂ ಅದರಿಂದಲೇ ನಿಭಾಯಿಸಿಕೊಳ್ಳಬೇಕು.

ಈಗ ಕಾಸರಗೋಡಿಗೆ ಬರೋಣ. ಇಲ್ಲಿ ಆರೈಕೆಯ ಪ್ರಶ್ನೆಗೆ ಒಂದು ಚರಿತ್ರೆಯೇ ಇದೆ. ಕೇರಳದ ಪ್ಲಾಂಟೇಶನ್ ಕಾರ್ಪೊರೇಶನ್ನಿನ ಗೇರುತೋಟಗಳ ಮೇಲೆ 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸಿಂಪಡಿಸಲಾಯಿತು. ಎಣ್ಮಕಜೆ, ಬೆಳ್ಳೂರು, ಕುಂಬ್ಡಾಜೆ, ಬದಿಯಡ್ಕ, ಕಾರಡ್ಕ, ಮುಳಿಯಾರು ಸೇರಿ ಹನ್ನೊಂದು ಪಂಚಾಯತುಗಳನ್ನು ಬಾಧಿತವೆಂದು ಗುರುತಿಸಲಾಗಿದೆ. ಹುಟ್ಟಿನಿಂದಲೇ ಎದ್ದು ಕೂರಲಾಗದ ಮಕ್ಕಳು ಈಗ ಪ್ರಾಯದವರಾಗಿದ್ದಾರೆ, ಅವರನ್ನು ಎತ್ತಿ ಇಳಿಸುತ್ತಿದ್ದ ತಾಯಂದಿರಿಗೆ ವಯಸ್ಸಾಗಿದೆ. ಹೊರಗಿನಿಂದ ಕೂಲಿಗೆ ಒಬ್ಬರನ್ನು ಕರೆಸುವ ಅಗತ್ಯ ಈ ಮನೆಗಳಲ್ಲಿ ವರ್ಷದಿಂದ ವರ್ಷಕ್ಕೆ ಹೆಚ್ಚುತ್ತದೆ, ಕೊಡುವ ಶಕ್ತಿ ಹೆಚ್ಚುವುದಿಲ್ಲ.

ಹೋಮ್ ನರ್ಸ್ ಎಂದು ನಾವು ಕರೆಯುವವರಲ್ಲಿ ಬಹಳ ಮಂದಿ ನರ್ಸಿಂಗ್ ಓದಿದವರಲ್ಲ. ಅವರು ಏಜೆನ್ಸಿಯ ಮೂಲಕ ಬಂದು, ಆ ಮನೆಯಲ್ಲಿಯೇ ಉಂಡು ಮಲಗಿ, ವಾರಗಟ್ಟಲೆ ತಿಂಗಳುಗಟ್ಟಲೆ ಉಳಿಯುತ್ತಾರೆ. ಒಂದು ಮನೆಯವರು ದಿನಕ್ಕೆ 900 ರೂಪಾಯಿ ಕೊಡುತ್ತಾರೆಂದು ಲೆಕ್ಕಕ್ಕಾಗಿ ಹಿಡಿಯೋಣ. ಎಂಟು ಗಂಟೆಯ ದುಡಿಮೆಗೆಂದು ಭಾಗಿಸಿದರೆ ಗಂಟೆಗೆ 112.50 ರೂಪಾಯಿ. ದಿನದ ಇಪ್ಪತ್ತನಾಲ್ಕು ಗಂಟೆಗೆ ಭಾಗಿಸಿದರೆ 37.50 ರೂಪಾಯಿ. ಮೇಲೆ ಕ್ಯಾಶುವಲ್ ನೌಕರರ ಲೆಕ್ಕದಲ್ಲಿ ಬಂದ ಅಂಕಿಯೇ ಇಲ್ಲಿಯೂ ಬಂದದ್ದು ಆಕಸ್ಮಿಕ, ಆದರೆ ಅಲ್ಲಿ ಡಾಲರ್ ಇದ್ದಲ್ಲಿ ಇಲ್ಲಿ ರೂಪಾಯಿ. ಎರಡು ಭಾಗಾಕಾರಗಳಲ್ಲಿ ಯಾವುದು ಸರಿ ಎಂಬುದು ರಾತ್ರಿ ಏನಾಗುತ್ತದೆ ಎಂಬುದರ ಮೇಲೆ ನಿಂತಿದೆ.

ಅಲುಗಾಡಲಾರದೆ ಮಲಗಿದವರಿಗೆ ಬೆನ್ನುಹುಣ್ಣು ಆಗದಿರಬೇಕಾದರೆ ಸುಮಾರು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ರಾತ್ರಿ ಹತ್ತಕ್ಕೆ ಒಮ್ಮೆ ತಿರುಗಿಸಿ ಮಲಗಿಸಿದರೆ ಮತ್ತೆ ಹನ್ನೆರಡಕ್ಕೆ, ಎರಡಕ್ಕೆ, ನಾಲ್ಕಕ್ಕೆ, ಆರಕ್ಕೆ ಏಳಬೇಕು. ಎದ್ದಾಗ ಬಟ್ಟೆ ಒದ್ದೆಯಾಗಿದ್ದರೆ ಬದಲಿಸಿ, ಮೈ ಒರೆಸಿ, ಮೊಣಕಾಲುಗಳ ನಡುವೆ ದಿಂಬು ಇಟ್ಟು, ಗಂಟಲಲ್ಲಿ ಕಫ ಕಟ್ಟಿದೆಯೇ ಎಂದು ಕಿವಿಗೊಟ್ಟು ಕೇಳಿ ಮಲಗುವಷ್ಟರಲ್ಲಿ ಅರ್ಧ ಗಂಟೆ ಕಳೆದಿರುತ್ತದೆ. ಆಸ್ಟ್ರೇಲಿಯಾದ ವಿಂಗಡಣೆಯನ್ನು ಈ ರಾತ್ರಿಗೆ ಅನ್ವಯಿಸಿದರೆ ಇದು ಸ್ಲೀಪ್‌ಓವರ್ ಎನಿಸಿಕೊಳ್ಳುವುದು ಕಷ್ಟ, ಎಚ್ಚರದ ಪಾಳಿಗೇ ಹತ್ತಿರ. ನಮ್ಮಲ್ಲಿ ಮಾತ್ರ 'ರಾತ್ರಿ ಮಲಗುವುದು ಇಲ್ಲಿಯೇ ಅಲ್ಲವೇ, ಊಟವೂ ನಮ್ಮದೇ' ಎಂಬ ಒಂದು ಮಾತಿನಲ್ಲಿ ಲೆಕ್ಕ ಮುಗಿಯುತ್ತದೆ. ವಸತಿಯನ್ನು ಸೌಲಭ್ಯವೆಂದು ಎಣಿಸಿ, ಅದೇ ವಸತಿಯಲ್ಲಿ ಮಾಡುವ ಕೆಲಸವನ್ನು ಎಣಿಸದೆ ಬಿಡುವುದು ನ್ಯಾಯವಲ್ಲ.

ಆ 900ರಲ್ಲಿಯೂ ಬಿಲ್ಲಿಗೂ ಸಂಬಳಕ್ಕೂ ವ್ಯತ್ಯಾಸವಿದೆ. ಏಜೆನ್ಸಿಗಳು ಮನೆಯವರಿಂದ ನೋಂದಣಿ ಶುಲ್ಕ ಪಡೆಯುವುದುಂಟು, ನೌಕರರ ಕೂಲಿಯಿಂದ ಕಮಿಷನ್ ಮುರಿಯುವುದುಂಟು, ಇವೆರಡನ್ನೂ ಮಾಡುವುದೂ ಉಂಟು. ಅಲ್ಲಿ ಆ ಅಂತರದಲ್ಲಿ ರಜೆ, ವಿಮೆ, ನಿವೃತ್ತಿ ನಿಧಿ ಸೇರಿವೆಯೆಂದು ತೋರಿಸಬಹುದು. ಇಲ್ಲಿ ಏನು ಸೇರಿದೆ ಎಂಬುದನ್ನು ಬರೆದು ಕೊಡಿರೆಂದು ಕೇಳಬೇಕಾಗುತ್ತದೆ. ಒಪ್ಪಂದದ ಹಾಳೆ ಮಲಯಾಳದಲ್ಲಿದ್ದು ಓದಲು ಬಾರದಿದ್ದರೆ, ಸಹಿಗೆ ಮೊದಲು ಓದಿಸಿ ಕೇಳಿಕೊಳ್ಳುವುದು ಮನೆಯವರಿಗೂ ಒಳ್ಳೆಯದು, ಬಂದವರಿಗೂ ಒಳ್ಳೆಯದು.

ಕಾನೂನಿನ ಕಡೆ ನೋಡಿದರೆ, 1948ರ ಕನಿಷ್ಠ ವೇತನ ಕಾಯ್ದೆಯಲ್ಲಿ ಪಟ್ಟಿಗೆ ಸೇರಿದ ಕೆಲಸಗಳಿಗೆ ಮಾತ್ರ ಸರಕಾರ ದರ ಗೊತ್ತುಮಾಡುತ್ತಿತ್ತು; ಮೂಲ ವೇತನದ ಮೇಲೆ ಬೆಲೆ ಸೂಚ್ಯಂಕಕ್ಕೆ ತಕ್ಕ ತುಟ್ಟಿಭತ್ಯೆ ಸೇರುತ್ತಿತ್ತು. ಅದರ ಬದಲಿಗೆ ಬಂದ 2019ರ ವೇತನ ಸಂಹಿತೆ 2025ರ ನವೆಂಬರ್ 21ರಂದು ಜಾರಿಗೆ ಬಂದಿದ್ದು, ಪಟ್ಟಿಯ ಕಟ್ಟುಪಾಡನ್ನು ಕೈಬಿಟ್ಟಿದೆ, ಅಧಿಕ ಅವಧಿಗೆ ಇಮ್ಮಡಿ ವೇತನವನ್ನು ಉಳಿಸಿಕೊಂಡಿದೆ. ಆದರೆ ಸಂಹಿತೆ ಮಾತಾಡುವುದು ಸಂಸ್ಥೆಗಳಲ್ಲಿ ದುಡಿಯುವವರ ಕುರಿತು. ಮನೆಯೊಂದು ನೇರವಾಗಿ ಇಟ್ಟುಕೊಂಡವರಿಗೆ ಪ್ರತ್ಯೇಕ ಕೇಂದ್ರ ಕಾನೂನಿಲ್ಲ. ಮನೆಗೆಲಸದವರಿಗಾಗಿ ಅಂಥದೊಂದು ಕಾನೂನನ್ನು ಪರಿಶೀಲಿಸಲು ಸಮಿತಿ ರಚಿಸುವಂತೆ ಸುಪ್ರೀಂ ಕೋರ್ಟ್ 2025ರ ಜನವರಿ 29ರಂದು ಕೇಂದ್ರ ಸರಕಾರಕ್ಕೆ ಹೇಳಿತು. ಹೋಮ್ ನರ್ಸ್ ಮನೆಗೆಲಸದವರೇ, ಆರೋಗ್ಯ ಸಿಬ್ಬಂದಿಯೇ ಎಂಬ ಪ್ರಶ್ನೆಯೂ ಇಲ್ಲಿ ಏಳುತ್ತದೆ. ಸ್ಕ್ಯಾಡ್ಸ್‌ನ ಎರಡು ವಿಭಾಗಗಳ ತೊಡಕೇ ಬೇರೆ ವೇಷದಲ್ಲಿ ಇಲ್ಲಿದೆ.

ಸಂಬಳವೇ ಇಲ್ಲದೆ ನೋಡಿಕೊಳ್ಳುವ ಮನೆಯವರನ್ನು ಬಿಟ್ಟರೆ ಈ ಲೆಕ್ಕ ಪೂರ್ತಿಯಾಗದು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯು ಆರೈಕೆದಾರರೆಂದರೆ ಸಂಬಳ ಪಡೆದೋ ಪಡೆಯದೆಯೋ ನೆರವಾಗುವ ಯಾರೇ ಆಗಬಹುದು, ತಂದೆತಾಯಿಗಳೂ ಅದರಲ್ಲಿ ಸೇರುತ್ತಾರೆ ಎಂದು ಹೇಳುತ್ತದೆ. ಹೆಚ್ಚಿನ ನೆರವು ಬೇಕಾದವರಿಗೆ ಆರೈಕೆದಾರರ ಭತ್ಯೆಯ ಮಾತೂ ಅದರ 24ನೆಯ ಸೆಕ್ಷನ್ನಿನಲ್ಲಿದೆ. ಕೇರಳದಲ್ಲಿ ಇಂಥ ಭತ್ಯೆಯ ಹೆಸರು ಆಶ್ವಾಸಕಿರಣಂ, ಮೊತ್ತ ತಿಂಗಳಿಗೆ 600 ರೂಪಾಯಿ. ದಿನಕ್ಕೆ 20 ರೂಪಾಯಿ, ಗಂಟೆಗೆ 83 ಪೈಸೆ. ಅದೂ ತಿಂಗಳುಗಟ್ಟಲೆ ಬಾಕಿ ಬಿದ್ದ ಸುದ್ದಿ ಪತ್ರಿಕೆಗಳಲ್ಲಿ ಪದೇ ಪದೇ ಬಂದಿದೆ. ಎಂಡೋಸಲ್ಫಾನ್ ಬಾಧಿತರಿಗೆ ತಿಂಗಳ ಪಿಂಚಣಿ ಬೇರೆಯೇ ಇದೆ, ಆದರೆ ಅದು ಬಾಧಿತರ ಹೆಸರಿನ ಹಣ. ಗಡಿಯ ಇನ್ನೊಂದು ತುದಿಯಲ್ಲಿ, ಆಂಧ್ರದ ಮಡಕಶಿರಾ, ರಾಯದುರ್ಗದ ಕನ್ನಡಿಗರ ಮನೆಗಳಿಗೆ 2024ರ ಜುಲೈಯಿಂದ ವಿಕಲಚೇತನರಿಗೆ ತಿಂಗಳಿಗೆ 6,000, ಪೂರ್ತಿ ಹಾಸಿಗೆ ಹಿಡಿದವರಿಗೆ 15,000 ರೂಪಾಯಿ ಪಿಂಚಣಿ ಬರುತ್ತಿದೆ. ಆರೈಕೆದಾರರಿಗೆ ಕಿರುಭತ್ಯೆ ಕೊಡುವುದಕ್ಕಿಂತ ಆರೈಕೆ ಬೇಕಾದವರ ಕೈಗೆ ದೊಡ್ಡ ಮೊತ್ತ ಕೊಡುವ ಈ ದಾರಿ ಎನ್‌ಡಿಐಎಸ್‌ನ ತರ್ಕಕ್ಕೆ ಹತ್ತಿರವಾದದ್ದು. ಗಂಟೆಗಳ ಎಣಿಕೆ ಮಾತ್ರ ಇದರಲ್ಲಿ ಇಲ್ಲ.

ನಮ್ಮ ದೇಶದಲ್ಲಿ ಆರೈಕೆಗೆ ಲೆಕ್ಕ ಹಾಕಿ ಬೆಲೆ ಕಟ್ಟುವುದು ಹೆಚ್ಚಾಗಿ ಮೋಟಾರು ಅಪಘಾತದ ಪರಿಹಾರ ಪ್ರಕರಣಗಳಲ್ಲಿ. ಹನ್ನೆರಡರ ಪ್ರಾಯದಲ್ಲಿ ಅಪಘಾತಕ್ಕೀಡಾಗಿ ಸಂಪೂರ್ಣ ಅಂಗವೈಕಲ್ಯಕ್ಕೆ ಒಳಗಾದ ಹುಡುಗಿಯೊಬ್ಬಳ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 2020ರ ಫೆಬ್ರವರಿಯಲ್ಲಿ ಇಬ್ಬರು ಸಹಾಯಕರು, ಒಬ್ಬೊಬ್ಬರಿಗೆ ತಿಂಗಳಿಗೆ 5,000 ರೂಪಾಯಿ, ವರ್ಷದ ವೆಚ್ಚವನ್ನು ಗುಣಿಸುವ ಗುಣಕ 18 ಎಂದು ಹಿಡಿದು 21,60,000 ರೂಪಾಯಿಯನ್ನು ಸಹಾಯಕರ ವೆಚ್ಚಕ್ಕೆಂದೇ ಮಂಜೂರು ಮಾಡಿತು. ತಿಂಗಳಿಗೆ 5,000 ತೀರ ಕಡಿಮೆ ಎನ್ನಬಹುದು. ಒಬ್ಬರಿಂದ ಆಗುವ ಕೆಲಸವಲ್ಲ ಎಂಬುದು ಆ ಲೆಕ್ಕದೊಳಗೇ ಇದೆ.

ಮನೆಗೆ ಒಬ್ಬರನ್ನು ಇಟ್ಟುಕೊಳ್ಳುವವರು ತಪ್ಪದೆ ಮಾಡಬೇಕಾದ ಲೆಕ್ಕವೂ ಇದೇ ಜಾಡಿನದು. ದಿನಕ್ಕೆ 900ರಂತೆ ಮೂವತ್ತು ದಿನಕ್ಕೆ 27,000. ವಾರಕ್ಕೊಂದು ಸಂಬಳಸಹಿತ ರಜೆ ಕೊಟ್ಟು, ಆ ನಾಲ್ಕು ದಿನಗಳಿಗೆ ಬದಲಿಯವರನ್ನು ಅದೇ ದರದಲ್ಲಿ ಕರೆಸಿದರೆ ಇನ್ನೂ 3,600 ಸೇರಿ 30,600 ಆಗುತ್ತದೆ. ಹೆಚ್ಚಳ ಶೇಕಡಾ 13ಕ್ಕಿಂತ ತುಸು ಮೇಲೆ, ಆಸ್ಟ್ರೇಲಿಯಾದಲ್ಲಿ ರಜೆಯಿಲ್ಲದ ಕ್ಯಾಶುವಲ್ ನೌಕರರಿಗೆ ಕೊಡುವ 25ರ ಅರ್ಧದಷ್ಟು. ಈ 3,600 ಇಲ್ಲದಿದ್ದಾಗ ಒಂದೋ ಬಂದವರಿಗೆ ರಜೆ ಸಿಗುವುದಿಲ್ಲ, ಇಲ್ಲವೇ ಆ ನಾಲ್ಕು ದಿನ ತಾಯಿಯೋ ಅತ್ತಿಗೆಯೋ ಕೂಲಿಗೆ ಹೋಗದೆ ಮನೆಯಲ್ಲಿ ನಿಲ್ಲುತ್ತಾರೆ. ಆಶ್ವಾಸಕಿರಣಂನ 600 ರೂಪಾಯಿ ಕೈಗೆ ಬಂದ ತಿಂಗಳೂ ಅದರಿಂದ ತುಂಬುವುದು ಇದರ ಆರನೆಯ ಒಂದು ಪಾಲು.